ಕಾಳಮ್ಮ ಬೇವಿನ ಮರ ತೂಗಿದ್ದು

ಜಾವಗಲ್ಲಿನಿಂದ ಹಳೇಬೀಡಿಗೆ ಹೋಗುವ ಬಸ್ಸಿನಲ್ಲಿ ಕಾಳಮ್ಮನ ಪಕ್ಕ ಕೂತವರಿಗೆ ಒಂದು ವಿಷಯ ಬೇಗ ಗೊತ್ತಾಗುತ್ತದೆ. ಆಕೆ ಕಿಟಕಿಯಾಚೆ ಊರು ನೋಡುವುದಿಲ್ಲ, ಹೊಲ ನೋಡುವುದಿಲ್ಲ, ಮರ ನೋಡುತ್ತಾಳೆ. ನೋಡಿ ತನ್ನಷ್ಟಕ್ಕೇ ಗೊಣಗುತ್ತಾಳೆ. "ಇದು ನೊಗಕ್ಕೆ." "ಇದು ಬಾಗ್ಲು ಚೌಕಟ್ಟಿಗೆ." "ಇದು ಒಲೆಗೆ, ಇನ್ಯಾತಕ್ಕೂ ಬರಲ್ಲ." ಒಂದು ಸಲ ಎದುರು ಸೀಟಿನ ಹೆಂಗಸು ತನ್ನನ್ನೇ ಕುರಿತು ಹೀಗಂದಳೆಂದುಕೊಂಡು ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ನಿಂತಿದ್ದಳು. ಕಂಡಕ್ಟರ್ ನಡುವೆ ಬಂದು, "ಅವ್ರು ಆಚಾರ್ ಮಗಳು ಕಣಮ್ಮ, ಮರಕ್ಕೆ ಅಂದಿದ್ದು" ಎಂದು ಸಮಾಧಾನ ಮಾಡಬೇಕಾಯಿತು.

ಆ ಅಭ್ಯಾಸ ಅವಳ ಅಪ್ಪನದು. ವೀರಾಚಾರ್ ಗಾಡಿ, ನೇಗಿಲು, ಬಾಗಿಲು ಮಾಡುತ್ತಿದ್ದ ಬಡಗಿ. ಗಂಡುಮಕ್ಕಳಿಲ್ಲದ ಮನೆ. ಬದುವಿನ ಮೇಲಿನ ಮರ ನೋಡಲು ಹೋಗುವಾಗ ಅಳತೆಯ ಹಗ್ಗದ ಇನ್ನೊಂದು ತುದಿ ಹಿಡಿಯಲು ಒಂದು ಕೈ ಬೇಕಿತ್ತು. ಆ ಕೈ ಕಾಳಮ್ಮನದಾಯಿತು. ಅಪ್ಪ ಮರದ ಸುತ್ತ ಒಂದು ಸಲ ಬರುತ್ತಿದ್ದ. ದೂರ ಹೋಗಿ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಹತ್ತಿರ ಬಂದು ಮರ ಕೆತ್ತುವ ಬಾಚಿಯ ಹಿಂಬದಿಯಿಂದ ಬೊಡ್ಡೆಗೆ ಕುಟ್ಟಿ ಕಿವಿ ಆನಿಸುತ್ತಿದ್ದ. ಆಮೇಲೆ ಮಗಳ ಕಡೆ ತಿರುಗುತ್ತಿದ್ದ.

"ಏನ್ ಮಗ, ಇದ್ರೊಳಗೆ ಏನೈತೆ?"

ಒಳಗೆ ಏನಿದೆಯೆಂದು ಮರ ಹೊರಗಿನ ಆಕಾರದಲ್ಲೇ ಹೇಳಿಬಿಡುತ್ತದೆ ಎಂಬುದು ಅವನ ನಂಬಿಕೆ. ಎರಡು ಕೊಂಬೆ ಅಗಲವಾಗಿ ಕವಲೊಡೆದಿದ್ದರೆ ಆ ಕವಲು ಗಟ್ಟಿ. ಕೈಮುಗಿದಂತೆ ಒಂದಕ್ಕೊಂದು ಅಂಟಿಕೊಂಡು ನೆಟ್ಟಗೆ ಎದ್ದಿದ್ದರೆ ನಡುವೆ ತೊಗಟೆ ಸಿಕ್ಕಿಕೊಂಡಿರುತ್ತದೆ, "ಅಪ್ಕಂಡಂಗೆ ಕಾಣ್ತವೆ, ಒಳಗೆ ಸೇರಿರಲ್ಲ, ಒಂದಿನ ಸೀಳ್ತವೆ." ತೊಗಟೆ ತಿರುಚಿದ್ದರೆ ಒಳಗಿನ ಎಳೆಯೂ ತಿರುಚಿರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಬೊಡ್ಡೆಯಿಂದಲೇ ಚಿಗುರು ಹೊರಟ ಮರ. "ಮೈಮೇಲೆಲ್ಲ ಚಿಗುರಿದ್ರೆ ಅದರ ಕಡೆ ತಿರುಗೂ ನೋಡ್ಬೇಡ ಮಗ. ಒಂದೊಂದು ಚಿಗುರೂ ಒಂದೊಂದು ಗಂಟು. ಹಲಗೆ ಕೊಯ್ದ್ರೆ ಸಿಡುಬು ಎದ್ದ ಮುಖ ಇದ್ದಂಗಿರ್ತದೆ."

ಕಾಳಮ್ಮನ ಮದುವೆಯೂ ಮರದ ನೆಂಟಸ್ತಿಕೆಯೇ. ಗಂಡ ಅರಸೀಕೆರೆಯಲ್ಲಿ ಮರ ಕೊಯ್ಯುವ ಮಿಲ್ಲಿನಲ್ಲಿದ್ದ. ಒಳ್ಳೆಯವನು. ಒಂದು ಮಳೆಗಾಲ ಜ್ವರ ಬಂದು ಮಲಗಿದವನು ಏಳಲಿಲ್ಲ. ಅವಳು ಅಪ್ಪನ ಮನೆಗೆ ಬಂದಳು. ಬರುವ ಹೊತ್ತಿಗೆ ಅಲ್ಲಿ ಗಾಡಿಯ ಕೆಲಸ ನಿಂತುಹೋಗಿತ್ತು. ಹೊಲಕ್ಕೆ ಟ್ರ್ಯಾಕ್ಟರ್ ಬಂದಿತ್ತು, ಮನೆಗಳಿಗೆ ಸಿಮೆಂಟಿನ ಚೌಕಟ್ಟು. ವೀರಾಚಾರ್ ಕೊನೆಗಾಲದಲ್ಲಿ ಮಕ್ಕಳಿಗೆ ಬುಗುರಿ ಮಾಡಿಕೊಡುತ್ತ ಕೂತಿರುತ್ತಿದ್ದ. ಊರಿಗೆ ಅಂಗನವಾಡಿ ಬಂದಾಗ ಸಹಾಯಕಿಯ ಕೆಲಸ ಕಾಳಮ್ಮನಿಗೆ ಸಿಕ್ಕಿತು. ಅಪ್ಪ ತೀರಿಕೊಂಡ ಮೇಲೆ ಅವನ ಸಾಮಾನುಗಳೆಲ್ಲ ಅವರಿವರ ಪಾಲಾದವು. ಬಾಚಿ ಒಂದನ್ನು ಅವಳು ಯಾರಿಗೂ ಕೊಡಲಿಲ್ಲ. ಅಂಗನವಾಡಿಯಲ್ಲಿ ತೆಂಗಿನಕಾಯಿ ಒಡೆಯುವುದು ಅದರಿಂದಲೇ.

ಬೆಳಗ್ಗೆ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದು, ಮೂಗು ಒರೆಸುವುದು, ಉಪ್ಪಿಟ್ಟು ಬೇಯಿಸುವುದು, ಅಳುವವರನ್ನು ಸೊಂಟಕ್ಕೆ ಹಾಕಿಕೊಂಡೇ ಸಾರು ಕಲಕುವುದು. ಮಕ್ಕಳು ಅವಳನ್ನು ಕಾಳಜ್ಜಿ ಎನ್ನುತ್ತವೆ. ತಿಂಗಳಿಗೊಮ್ಮೆ ತೂಕದ ದಿನ. ಶಿಲ್ಪಾ ಮಿಸ್ ಬರೆದುಕೊಳ್ಳುತ್ತಾರೆ, ಕಾಳಮ್ಮ ತೂಗುತ್ತಾಳೆ. ಹೊಸ ಮಾದರಿಯ ಯಂತ್ರ ಬಂದಿದೆ, ಆದರೆ ಅದರ ಸೆಲ್ಲು ಸದಾ ಮುಗಿದಿರುತ್ತದೆ. ಹಾಗಾಗಿ ಹಳೆಯ ತೂಗುತಕ್ಕಡಿಯೇ ಗತಿ: ಮೇಲೆ ಗಡಿಯಾರದಂಥ ಮುಖ, ಕೆಳಗೆ ಕೊಕ್ಕೆ, ಕೊಕ್ಕೆಗೆ ಬಟ್ಟೆಯ ಚೀಲ, ಚೀಲದೊಳಗೆ ಕಾಲು ಒದೆಯುವ ಮಗು. ಆ ತಕ್ಕಡಿ ನೇತುಹಾಕುತ್ತಿದ್ದುದು ಅಂಗಳದ ಬೇವಿನ ಮರದ ತಗ್ಗು ಕೊಂಬೆಗೆ. ಹಗ್ಗ ಕಟ್ಟಿ ಕಟ್ಟಿ ಆ ಕೊಂಬೆಯ ಮೇಲೆ ಬಳೆ ತೊಟ್ಟಂಥ ಗುರುತಾಗಿತ್ತು. ಊರಿನ ಅರ್ಧ ಮಕ್ಕಳು ಅದಕ್ಕೆ ಜೋತಾಡಿಯೇ ದೊಡ್ಡವರಾದವರು.

ಬೇವಿನ ಮರ ಬರಿಯ ಮರವಾಗಿರಲಿಲ್ಲ. ಅಂಗನವಾಡಿಗಿರುವುದು ಒಂದೇ ಕೋಣೆ, ಮೇಲೆ ಶೀಟು. ಶಿವರಾತ್ರಿ ಕಳೆದರೆ ಒಳಗೆ ಕೂರುವಂತಿಲ್ಲ, ಮಕ್ಕಳ ಮುಖ ಕೆಂಡವಾಗುತ್ತದೆ. ಹೊರಗೆ ಚಾಪೆ ಹಾಸಿದರೆ ಮಾತ್ರ ಪಾಠ, ಊಟ, ನಿದ್ದೆ. ಯುಗಾದಿಗೆ ಇಡೀ ಊರು ಬೇವಿನ ಹೂವು ಕೊಯ್ಯುವುದೂ ಅಲ್ಲೇ.

ಎರಡು ವರ್ಷದ ಕೆಳಗೆ ನೀರಿನ ಪೈಪು ಹಾಕಲು ರಸ್ತೆಬದಿಯಲ್ಲಿ ಗುಂಡಿ ತೋಡಿದರು. ಬೇವಿನ ಆ ಕಡೆಯ ಬೇರುಗಳೆಲ್ಲ ಕಡಿದುಹೋದವು. ಆಗ ಯಾರಿಗೂ ಅದು ದೊಡ್ಡದೆನಿಸಲಿಲ್ಲ. ಮನೆಯೊಳಗೆ ನೀರು ಬರುತ್ತದಲ್ಲ ಎಂಬ ಸಂಭ್ರಮ. ಮುಂದಿನ ಬೇಸಿಗೆಯಲ್ಲಿ ಮರದ ತುದಿ ತೆಳ್ಳಗಾಯಿತು. ಅದರ ಮುಂದಿನ ಬೇಸಿಗೆಗೆ ತುದಿಯಲ್ಲಿ ಎಲೆಯೇ ಬರಲಿಲ್ಲ. ಬರಿಯ ಕಡ್ಡಿಗಳು ಆಕಾಶಕ್ಕೆ ಚಾಚಿಕೊಂಡು ನಿಂತವು.

ಕೊಂಬೆ ಬಿದ್ದದ್ದು ಉಪ್ಪಿಟ್ಟಿನ ಹೊತ್ತಿಗೆ. ಗಾಳಿಯಿಲ್ಲ, ಏನಿಲ್ಲ. ಮೇಲೆ ಒಂದು ಸಣ್ಣ ಚಟ್ಟನೆಯ ಸದ್ದಾಯಿತು, ಕಾಳಮ್ಮ ತಲೆಯೆತ್ತುವಷ್ಟರಲ್ಲಿ ಮಾರುದ್ದದ ಒಣಕೊಂಬೆ ಚಾಪೆಯ ಅಂಚಿನ ಮೇಲಿತ್ತು. ಅಲ್ಲಿ ಕೂತಿದ್ದದ್ದು ನಂದಿತಾಳ ಮಗಳು ಅಕ್ಷತಾ. ಅವಳು ಆಗತಾನೇ ಎದ್ದು, ಚಿಟಿಕೆ ಸಕ್ಕರೆ ಹಾಕಿಸಿಕೊಳ್ಳಲು ಕಾಳಜ್ಜಿಯ ಸೆರಗು ಹಿಡಿದು ನಿಂತಿದ್ದಳು. ತಟ್ಟೆ ಮಾತ್ರ ಚಾಪೆಯ ಮೇಲಿತ್ತು.

"ಕಾಳಜ್ಜಿ, ಮರ ನನ್ ತಟ್ಟೆ ತುಳೀತು" ಎಂದು ಮಗು ನಕ್ಕಿತು.

ನಂದಿತಾ ಓಡಿ ಬಂದಳು. ಇಪ್ಪತ್ತೈದರ ಹುಡುಗಿ, ಒಂದೇ ಮಗು, ಅದೂ ಹೋದ ಮಳೆಗಾಲವೆಲ್ಲ ಜ್ವರದಲ್ಲಿ ಸೊರಗಿದ್ದು. ಅವಳು ಕೂಗಾಡಿದ್ದರೆ ಕಾಳಮ್ಮನಿಗೆ ಸಲೀಸಾಗುತ್ತಿತ್ತು. ಅವಳು ಕೂಗಲಿಲ್ಲ. ಚಪ್ಪಟೆಯಾದ ತಟ್ಟೆಯನ್ನು ಕೈಗೆತ್ತಿಕೊಂಡು ನೋಡಿದಳು, ಹಿಂದೆ ಮುಂದೆ ತಿರುಗಿಸಿ ನೋಡಿದಳು. ಮಗುವನ್ನು ಸೊಂಟಕ್ಕೇರಿಸಿಕೊಂಡು ಹೋದಳು. ಹೋಗುವಾಗ ಶಿಲ್ಪಾ ಮಿಸ್ಸಿಗೆ ಇಷ್ಟೇ ಹೇಳಿದಳು: "ಆ ಮರ ಇರೋತನಕ ನಾನು ಮಗು ಕಳ್ಸಲ್ಲ ಮಿಸ್."

ಮಾರನೆ ದಿನ ಇನ್ನೂ ಕೆಲವರು ಕಳಿಸಲಿಲ್ಲ. ವಾರ ಕಳೆಯುವುದರೊಳಗೆ ಕಾಳಮ್ಮ ಬೇಯಿಸಿದ ಅನ್ನ ಉಳಿಯತೊಡಗಿತು. ಮನೆಯಲ್ಲಿರುವ ಕೆಲವು ಮಕ್ಕಳು ಮಧ್ಯಾಹ್ನ ಏನು ತಿನ್ನುತ್ತವೆಂದು ಅವಳಿಗೆ ಗೊತ್ತಿತ್ತು.

ಪಂಚಾಯಿತಿ ಮೆಂಬರು ಇಂದ್ರೇಶ್ ಬೈಕಿನಲ್ಲಿ ಬಂದ. ಇಳಿಯದೆ, ಒಂದು ಕಾಲೂರಿ, ತಲೆಯೆತ್ತಿ ನೋಡಿದ.

"ಏನ್ ಕಾಳಕ್ಕ, ಆಚಾರ್ ಮಗಳು ನೀನು. ನೀನೇ ಹೇಳು. ಇದು ಉಳಿಯೋ ಗಿರಾಕಿನೋ, ಹೋಗೋ ಗಿರಾಕಿನೋ?"

ಕಾಳಮ್ಮ ಅಪ್ಪ ಮಾಡುತ್ತಿದ್ದಂತೆಯೇ ಮಾಡಿದಳು. ಮರದ ಸುತ್ತ ಬಂದಳು. ದೂರ ಹೋಗಿ ಒಂದು ಕಣ್ಣು ಮುಚ್ಚಿದಳು. ತುದಿ ಒಣ. ರಸ್ತೆಯ ಕಡೆಯದು ಒಣ. ನಡುವಿನಿಂದ ಕೆಳಕ್ಕೆ ಬೊಡ್ಡೆಯ ಮೇಲೆ, ದಪ್ಪ ಕೊಂಬೆಗಳ ಬೆನ್ನಿನ ಮೇಲೆ, ಎಲ್ಲಿ ನೋಡಿದರಲ್ಲಿ ಚಿಗುರು. ನೆಟ್ಟಗೆ ಎದ್ದ ಹಸಿರು ಕಡ್ಡಿಗಳು, ಕೂದಲು ಕೆದರಿದಂತೆ. ಸಿಡುಬು ಎದ್ದ ಮುಖ. ಅಪ್ಪನ ಮಾತು ಕಿವಿಯಲ್ಲೇ ಇತ್ತು.

"ಮುಗೀತು ಕಣಪ್ಪ" ಅಂದಳು. "ತಲೆ ಹೋಗೈತೆ, ಮೈಯೆಲ್ಲ ಚಿಗುರು ಬಿಟ್ಟೈತೆ. ಇದು ನಿಲ್ಲೋ ಮರ ಅಲ್ಲ."

"ಆಯ್ತು ಬಿಡು. ಬೇರೆಯೋರ್ ಹೇಳಿದ್ರೆ ಊರಲ್ಲಿ ನೂರು ಮಾತು. ಆಚಾರ್ ಮಗಳೇ ಹೇಳಿದ್ಳು ಅಂದ್ರೆ ಯಾರೂ ಉಸಿರೆತ್ತಲ್ಲ." ಯುಗಾದಿಯ ಹೂವಿನ ಋಣ ಮುಗಿಯಲಿ, ಹಬ್ಬದ ಮಾರನೆ ದಿನ ಕಡಿಸೋಣ ಎಂದು ಅವನೇ ನಿಶ್ಚಯ ಮಾಡಿ ಬೈಕು ತಿರುಗಿಸಿದ. ಮರ ಕೊಯ್ಯುವ ಮಿಷನ್ನಿನ ಹೇಮಂತನಿಗೆ ಅಲ್ಲಿಂದಲೇ ಫೋನು ಹೋಯಿತು.

ಹಬ್ಬಕ್ಕೆ ಮುಂಚೆ ತೂಕದ ದಿನ ಬಂತು. ನಂದಿತಾ ಮರದಡಿ ಬರುವುದಿಲ್ಲವೆಂದು ಕಾಳಮ್ಮ ತಕ್ಕಡಿಯನ್ನೇ ಹೆಗಲಿಗೆ ಹಾಕಿಕೊಂಡು ಅವಳ ಮನೆಗೆ ಹೋದಳು. ನಡುಮನೆಯ ತೊಲೆಗೆ ನೇತುಹಾಕಿ, ಅಕ್ಷತಾಳನ್ನು ಚೀಲಕ್ಕಿಳಿಸಿದರು. ಚೀಲ ಚಿಕ್ಕ ಮಕ್ಕಳಿಗೆ, ತಾನು ದೊಡ್ಡವಳೆಂದು ಅವಳು ರಂಪ ಮಾಡಿದಳು. ಸುಮ್ಮನಾಗಲು ಬೆಲ್ಲದ ಚೂರು ಬೇಕಾಯಿತು. ಮುಳ್ಳು ನಿಂತಿತು.

ನಂದಿತಾ ಮಗುವಿನ ತೋಳು ಹಿಡಿದು ನೋಡುತ್ತಿದ್ದಳು. "ಕಾಳಕ್ಕ, ಪಕ್ಕದ್ಮನೆ ಹುಡುಗಿ ಇವಳಿಗಿಂತ ಚಿಕ್ಕೋಳು, ಎಷ್ಟು ಗುಂಡಗವಳೆ ನೋಡಿ. ನನ್ ಮಗು ತೋಳು ನೋಡಿ, ಕಡ್ಡಿ. ನಮ್ಮತ್ತೆ ದಿನಾ ಅಂತಾರೆ, ಇವಳು ಏಳ್ಗೆ ಆಗಲ್ಲ ಅಂತ. ನಂಗೆ ಭಯ ಆಯ್ತದೆ."

"ನೋಡಿದ್ ತಕ್ಷಣ ತೆಳ್ಳಗವಳೆ, ನಿಜ ಕಣವ್ವ" ಎಂದಳು ಕಾಳಮ್ಮ. ಇಷ್ಟು ವರ್ಷದಲ್ಲಿ ಎಷ್ಟೋ ತಾಯಂದಿರಿಗೆ ಹೇಳಿದ್ದ ಮಾತನ್ನೇ ಹೇಳತೊಡಗಿದಳು. "ಬರೀ ಕಣ್ಣಲ್ಲಿ ನೋಡಿ ಮಗು ಅಳೀಬ್ಯಾಡ. ಪಕ್ಕದ್ಮನೆ ಮಗುಗೆ ಹೋಲಿಸ್ಬ್ಯಾಡ. ಹೋದ ತಿಂಗ್ಳು ಇದೇ ಮಗು ಎಲ್ಲಿತ್ತು, ಈ ತಿಂಗ್ಳು ಎಲ್ಲೈತೆ, ಅಷ್ಟು ನೋಡು. ಜ್ವರದಾಗೆ ಇಳೀತಾ ಇಳೀತಾ ಹೋಗಿತ್ತು. ಸಂಕ್ರಾಂತಿಯಿಂದ ಈಚೆಗೆ ಮೂರು ಸಲ ತೂಗಿದೀನಿ, ಮೂರು ಸಲಾನೂ ಏರೈತೆ. ತೆಳ್ಳಗಿರೋದು ಹಳೇ ಕತೆ. ಏರ್ತಾ ಇರೋದು ಇವತ್ತಿನ ಕತೆ. ನಿಮ್ಮತ್ತೆಗೆ ನಾನ್ ಹೇಳ್ತೀನಿ ಬಿಡು."

ನಂದಿತಾಳ ಕಣ್ಣಲ್ಲಿ ನೀರು ತುಂಬಿತು. ಅದನ್ನು ಒರೆಸಿಕೊಳ್ಳುತ್ತ, "ಕಾಫಿ ಕುಡ್ಕಂಡು ಹೋಗಿ" ಅಂದಳು.

ಕಾಫಿ ಕುಡಿದು, ತಕ್ಕಡಿ ಹೆಗಲಿಗೇರಿಸಿಕೊಂಡು ಕಾಳಮ್ಮ ಅಂಗನವಾಡಿಗೆ ಬಂದಳು. ಬೀಗ ತೆಗೆಯಲು ಹೋದವಳು ಬೇವಿನ ಕೆಳಗೆ ನಿಂತಳು. ಈಗಷ್ಟೇ ತನ್ನ ಬಾಯಿಂದಲೇ ಬಂದ ಮಾತು ಅವಳನ್ನು ಹಿಡಿದು ನಿಲ್ಲಿಸಿತು. ಮಗುವಿನ ವಿಷಯದಲ್ಲಿ ಹೇಳಿದ್ದನ್ನು ತಾನು ಮರದ ವಿಷಯದಲ್ಲಿ ಪಾಲಿಸಿದ್ದಳೇ? ಒಂದು ಸಲ ನೋಡಿ ತೀರ್ಪು ಕೊಟ್ಟು ಕಳಿಸಿದ್ದಳು, ನಂದಿತಾಳ ಅತ್ತೆಯ ಹಾಗೆ.

ಬಿದ್ದ ಕೊಂಬೆಯನ್ನು ಬೇಲಿಯ ಪಕ್ಕ ಎಳೆದು ಹಾಕಿದ್ದರು. ಕಾಳಮ್ಮ ಅದರ ತುದಿಯ ಕಡ್ಡಿಯೊಂದನ್ನು ಮುರಿದುಕೊಂಡಳು. ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜಿದವರಿಗೆಲ್ಲ ಕಂಡಿರುವ ಗುರುತು ಅದರ ಮೇಲಿತ್ತು. ಎಲೆ ಉದುರಿದ ಜಾಗದಲ್ಲಿ ಸಣ್ಣ ಗೊರಸಿನಂಥ ಕಲೆ ಉಳಿಯುತ್ತದೆ. ಕಡ್ಡಿ ಜೋರಾಗಿ ಬೆಳೆದ ಕಾಲದಲ್ಲಿ ಆ ಕಲೆಗಳು ದೂರ ದೂರ. ವರ್ಷದ ಬೆಳವಣಿಗೆ ನಿಲ್ಲುವ ಹೊತ್ತಿಗೆ ಒತ್ತೊತ್ತಾಗಿ. ಒಂದು ಒತ್ತಿನಿಂದ ಇನ್ನೊಂದು ಒತ್ತಿನವರೆಗೆ ಒಂದು ವರ್ಷ. ಅವಳು ಬೆರಳಾಡಿಸಿದಳು. ಗುಂಡಿ ತೋಡುವ ಮುಂಚಿನದು ಗೇಣುದ್ದ. ಆಮೇಲಿನದು ನಾಲ್ಕು ಬೆರಳು. ಕೊನೆಯದು ಉಗುರಿನಷ್ಟು, ಅಲ್ಲಿಗೆ ಮುಗಿದಿತ್ತು. ಇಳೀತಾ ಇಳೀತಾ ಹೋಗಿತ್ತು.

ಆಮೇಲೆ ಬೊಡ್ಡೆಯ ಮೇಲಿನ ಚಿಗುರೊಂದನ್ನು ಬಗ್ಗಿಸಿ ಹಿಡಿದಳು. ಅಪ್ಪ ತಿರುಗೂ ನೋಡಬೇಡವೆಂದಿದ್ದ ಚಿಗುರು. ಬುಡದಲ್ಲಿ ಮೊದಲ ವರ್ಷದ್ದು ನಾಲ್ಕು ಬೆರಳು. ಅದರ ಮೇಲೆ, ಈ ವರ್ಷದ್ದು ಮೊಳಕ್ಕಿಂತ ಉದ್ದ, ಇನ್ನೂ ನಿಂತಿಲ್ಲ. ತುದಿ ಕೆಂಪಗೆ, ಮಗುವಿನ ಅಂಗೈಯಷ್ಟು ಮೆತ್ತಗೆ. ಪಕ್ಕದ ಚಿಗುರೂ ಹಾಗೇ. ಅದರ ಪಕ್ಕದ್ದು ಆಗಲೇ ತನ್ನದೇ ಕವಲು ಒಡೆದು ಪುಟ್ಟ ಮರದ ಆಕಾರಕ್ಕೆ ಬಂದಿತ್ತು. ಕಾಳಮ್ಮ ಎರಡು ಹೆಜ್ಜೆ ಹಿಂದೆ ಸರಿದು ತಲೆಯೆತ್ತಿದಳು. ಈ ಸಲ ಎರಡೂ ಕಣ್ಣು ಬಿಟ್ಟು ನೋಡಿದಳು. ಮೇಲಿನ ತಲೆಗೆ ನೀರು ಮುಟ್ಟಿಸಲು ಬೇರು ಸಾಲದೆ ಮರ ಅದನ್ನು ಕೈಬಿಟ್ಟಿತ್ತು. ಕೈಗೆಟುಕುವ ಎತ್ತರದಲ್ಲಿ ಇನ್ನೊಂದು ತಲೆ ಕಟ್ಟಿಕೊಳ್ಳುತ್ತಿತ್ತು.

"ಅಯ್ಯೋ ನನ್ನಪ್ಪ" ಎಂದಳು. ಹೇಳಿದ್ದು ಮರಕ್ಕೋ ವೀರಾಚಾರಿಗೋ ಅವಳಿಗೇ ತಿಳಿಯಲಿಲ್ಲ. ಅಪ್ಪ ತಪ್ಪೇನೂ ಹೇಳಿರಲಿಲ್ಲ. ಅವನು ನೋಡುತ್ತಿದ್ದುದು ಹಲಗೆಯನ್ನು. ಈ ಮರದಿಂದ ಯಾರೂ ಬಾಗಿಲು ಮಾಡಹೊರಟಿರಲಿಲ್ಲ.

ಕೊಟ್ಟ ಮಾತು ಹಿಂದಕ್ಕೆ ತೆಗೆದುಕೊಳ್ಳುವುದು ಸುಲಭವಲ್ಲ. ಅದೂ ಆಚಾರ್ ಮಗಳೆಂಬ ಹೆಸರಿನ ಮೇಲೆ ಕೊಟ್ಟ ಮಾತು. ಹಬ್ಬ ಕಳೆಯಿತು. ಊರಿನವರು ತಗ್ಗಿನ ಕೊಂಬೆಗಳಿಂದ ಹೂವು ಕೊಯ್ದರು. "ಕೊನೇ ಸಲ ಕಣೇ" ಎಂದು ಬಸಮ್ಮ ಎಂಬ ಮುದುಕಿ ಮರಕ್ಕೆ ಅರಿಶಿನ ಕುಂಕುಮ ಇಟ್ಟು ಕೈಮುಗಿದು ಹೋದಳು. ಕಾಳಮ್ಮ ಅದನ್ನು ನೋಡಿಯೂ ಬಾಯಿಬಿಡಲಿಲ್ಲ. ಇಂದ್ರೇಶನ ಮನೆಯ ಬಾಗಿಲವರೆಗೆ ಹೋಗಿ, ಒಳಗೆ ನೆಂಟರಿದ್ದರೆಂದು ವಾಪಸು ಬಂದಿದ್ದಳು. ನೆಂಟರು ಬರಿಯ ನೆಪ.

ಮಾರನೆ ಬೆಳಗ್ಗೆ ಹೇಮಂತ ಮಿಷನ್ನು, ಹಗ್ಗ, ಇಬ್ಬರು ಆಳು, ಟ್ರ್ಯಾಕ್ಟರು ಸಮೇತ ಬಂದು ನಿಂತ. ಇಂದ್ರೇಶನೂ ಬಂದ. ಮಗುವನ್ನೆತ್ತಿಕೊಂಡು ನಂದಿತಾ ಬೇಲಿಯಾಚೆ ನಿಂತಳು. ಆಗ ಕಾಳಮ್ಮ ಬೊಡ್ಡೆಗೆ ಬೆನ್ನು ಕೊಟ್ಟು ನಿಂತಳು. ಕೈಯಲ್ಲಿ ಅಪ್ಪನ ಬಾಚಿ.

"ನಿಲ್ಸ್ರಪ್ಪ. ನಾನು ಹೇಳಿದ್ದು ತಪ್ಪಾಗೈತೆ."

"ಏನ್ ಕಾಳಕ್ಕ, ಹಬ್ಬದ್ ಹೋಳಿಗೆ ತಿಂದು ಸತ್ತಿದ್ ಮರ ಎದ್ದು ಕುಂತ್ಕಂತಾ?" ಎಂದ ಇಂದ್ರೇಶ್. ಆಳುಗಳು ನಕ್ಕರು.

"ಸತ್ತಿರ್ಲಿಲ್ಲ ಕಣಪ್ಪ. ನಾನೇ ಹಲಗೆ ನೋಡೋ ಕಣ್ಣಲ್ಲಿ ನೋಡ್ದೆ."

"ಅಜ್ಜಿ, ನೀವು ಮರ ನೋಡಿ, ಹಲಗೆ ನೋಡಿ" ಎಂದ ಹೇಮಂತ. "ನಾನು ಅರಸೀಕೆರೆ ಕೆಲ್ಸ ಬಿಟ್ಟು ಬಂದಿವ್ನಿ. ಈ ಬುದ್ಧಿ ನಿನ್ನೆ ಬಂದಿದ್ರೆ ಒಂದು ಫೋನು ಮಾಡ್ಬೋದಿತ್ತು."

"ಬಂದಿತ್ತು ಕಣೋ. ನಾಚ್ಕೆ ಆಯ್ತು, ಮಾಡ್ಲಿಲ್ಲ."

ಕಾಳಮ್ಮ ಎರಡು ಕಡ್ಡಿ ತೋರಿಸಿದಳು, ಒಣಗಿದ್ದೊಂದು, ಚಿಗುರಿನದೊಂದು. ಬೆರಳಿಟ್ಟು ವರ್ಷ ವರ್ಷದ ಬೆಳವಣಿಗೆ ತೋರಿಸಿದಳು. ಇಂದ್ರೇಶ್ ಕಡ್ಡಿಯನ್ನು ಹಿಡಿದು ತಿರುಗಿಸಿ ನೋಡಿದ. ಅವನಿಗೆ ಅರ್ಥವಾಯಿತೋ ಇಲ್ಲವೋ, ತಲೆ ಮಾತ್ರ ಆಡಿಸಿದ. ಮಾತಾಡಿದ್ದು ನಂದಿತಾ, ಬೇಲಿಯಾಚೆಯಿಂದಲೇ.

"ಕಾಳಕ್ಕ, ನಿಮ್ ಚಿಗುರು ಮಾರುದ್ದ ಬೆಳೀಲಿ, ನಂಗೂ ಸಂತೋಷ. ನನ್ ಮಗು ತಲೆ ಮೇಲೆ ಬೀಳೋದು ಚಿಗುರಲ್ಲ."

ಕಾಳಮ್ಮ ತಲೆತಗ್ಗಿಸಿದಳು.

"ನೀನ್ ಹೇಳೋದು ಸರಿ ಮಗ. ಒಣಗಿದ್ದು ಒಂದು ಕಡ್ಡಿನೂ ಮೇಲೆ ಇರಬಾರ್ದು. ಅದು ಇಳಿಯೋಗಂಟ ಮಕ್ಳು ಬಸವಣ್ಣನ ಗುಡಿ ಜಗಲಿ ಮೇಲೆ ಕುಂತ್ಕಳ್ಳಿ, ಅನ್ನ ಅಲ್ಲಿಗೇ ಹೊತ್ಕಂಡು ಬತ್ತೀನಿ. ಬುಡ ಮಾತ್ರ ಮುಟ್ಟಬ್ಯಾಡಿ ಅಂತೀನಿ."

"ನಾಳೆ ಏನೂ ಆಗಲ್ಲ ಅಂತ ಗ್ಯಾರಂಟಿ ಕೊಡ್ತೀರಾ?"

"ಇಲ್ಲ ಕಣವ್ವ. ನಿನ್ ಮಗು ಗುಂಡಗಾಯ್ತಾಳೆ ಅಂತ ಗ್ಯಾರಂಟಿ ಕೊಟ್ಟಿದ್ನಾ? ಇಲ್ಲ. ತೂಗ್ತಾ ಇರ್ತೀನಿ ಅಂದೆ. ಇದನ್ನೂ ಅಂಗೇ ತೂಗ್ತೀನಿ. ಇಳೀತಾ ಐತೆ ಅಂತ ಕಂಡ ದಿನ ನಾನೇ ಹೇಮಂತನ್ನ ಕರೀತೀನಿ."

ಅರ್ಧ ಕಡಿಯುವುದು ಪೂರ್ತಿ ಕಡಿಯುವುದಕ್ಕಿಂತ ಕಷ್ಟವೆಂದು ಹೇಮಂತ ಗೊಣಗಿದ. ಎಲ್ಲಿ ಕೊಯ್ಯಬೇಕೆಂದು ಯಾರು ಹೇಳುತ್ತಾರೆ ಎಂದು ಕೇಳಿದ. ಕಾಳಮ್ಮ ಒಳಗೆ ಹೋಗಿ, ಒರೆಸುಬಟ್ಟೆಗೆಂದು ಇಟ್ಟಿದ್ದ ತನ್ನ ಹಳೆಯ ಕೆಂಪು ಲಂಗವೊಂದನ್ನು ತಂದು ಪಟ್ಟಿ ಪಟ್ಟಿಯಾಗಿ ಹರಿದಳು. "ನೀನು ಹತ್ತು. ನಾನ್ ಹೇಳಿದ ಕಡೆ ಕಟ್ಟು. ಕಟ್ಟಿದ್ದಷ್ಟೇ ಕೊಯ್ಯಿ."

"ಅಜ್ಜಿ ಲಂಗ ಮರದ್ ತುಂಬಾ ಹಾರಾಡ್ತದಲ್ಲೋ" ಎಂದು ಆಳುಗಳು ಕೆಳಗಿನಿಂದ ಛೇಡಿಸಿದರು. ಹೇಮಂತ ಹತ್ತಿದ. ಕಾಳಮ್ಮ ಅಂಗಳದಲ್ಲಿ ಸುತ್ತುತ್ತ, ಬಿದಿರಿನ ಗಳ ಹಿಡಿದು ತೋರಿಸುತ್ತ ಹೋದಳು. ಎಲ್ಲಿ ಚಿಗುರು ಶುರುವಾಗಿದೆಯೋ ಅದರ ತುಸು ಮೇಲೆ ಪಟ್ಟಿ. ಚಿಗುರೇ ಇಲ್ಲದ ಕೊಂಬೆಗೆ ಬುಡದಲ್ಲೇ ಪಟ್ಟಿ. ಒಂದೇ ಕಡೆ ಗುಂಪು ಕಟ್ಟಿದ ಚಿಗುರುಗಳಲ್ಲಿ ಒಂದೆರಡು ಬಿಟ್ಟು ಉಳಿದದ್ದಕ್ಕೆ ಪಟ್ಟಿ. ಬೊಡ್ಡೆಯಿಂದೆದ್ದ ಚಿಗುರಿನ ಹಿಡಿತ ಮೇಲುಮೇಲಿನದು, ಎಲ್ಲವೂ ಭಾರವಾದರೆ ಕಿತ್ತುಕೊಂಡು ಬೀಳುತ್ತವೆಂದು ಅವಳಿಗೆ ಗೊತ್ತಿತ್ತು. ಎಷ್ಟೋ ಹಲಗೆಯಲ್ಲಿ ಆ ಗಂಟುಗಳು ಉದುರಿ ತೂತಾದದ್ದನ್ನು ಅವಳು ಚಿಕ್ಕವಳಾಗಿ ಕಂಡಿದ್ದಳು. ಒಂದು ಕಡೆ ಅವಳ ಕಣ್ಣು ತಪ್ಪಿತು. ಸತ್ತಿದೆಯೆಂದು ಕಟ್ಟಿಸಿದ ಕೊಂಬೆ ಕೊಯ್ದಾಗ ಒಳಗೆ ಹಸಿಯಿತ್ತು. ಕೆಳಗೆ ಬಿದ್ದ ತುಂಡನ್ನು ಮುಟ್ಟಿ ನೋಡಿ, ಮುಂದಿನದಕ್ಕೆ ತೊಗಟೆ ಕೆರೆದು ನೋಡಿ ಕಟ್ಟೆಂದು ಹೇಮಂತನಿಗೆ ಕೂಗಿದಳು.

ಕೊನೆಗೆ ಉಳಿದದ್ದು ಚಾಪೆ ಹಾಸುವ ಜಾಗದ ಮೇಲಿನ ಕವಲು. ಎರಡು ಕೊಂಬೆ, ಎರಡೂ ಹಸಿರು, ಎರಡರ ತುಂಬ ಹೂವು. ಉಳಿದ ನೆರಳೆಲ್ಲ ಅಲ್ಲೇ ಇತ್ತು. ಆದರೆ ಅವು ಕೈಮುಗಿದಂತೆ ಅಂಟಿಕೊಂಡು ಎದ್ದಿದ್ದವು, ನಡುವೆ ತೊಗಟೆ ಮಡಚಿ ಒಳಸರಿದಿತ್ತು. ಕಾಳಮ್ಮ ಬಹಳ ಹೊತ್ತು ಕೆಳಗೆ ನಿಂತಳು. ಏಣಿ ಹಾಕಿಸಿಕೊಂಡು ಹತ್ತಿ, ಬಾಚಿಯ ಹಿಂಬದಿಯಿಂದ ಕವಲಿಗೆ ಕುಟ್ಟಿ ಕಿವಿಯಿಟ್ಟಳು.

"ಒಳಗೆ ಸೇರಿಲ್ಲ. ಕೋಣೆ ಕಡೆದು ಕಟ್ಟು" ಎಂದಳು ಇಳಿದು ಬಂದು.

"ಅಜ್ಜಿ, ಅದು ಚೆನ್ನಾಗೈತೆ. ಹೂವೈತೆ."

"ಚೆನ್ನಾಗೈತೆ. ಆದ್ರೆ ಮಕ್ಳು ಮಲಗೋ ಜಾಗದ ಮೇಲೈತೆ. ಕೊಯ್ಯಿ."

ಕೊಂಬೆ ಹಗ್ಗದ ಮೇಲೆ ನಿಧಾನ ಇಳಿಯಿತು. ಅಂಗಳದ ತುಂಬ ಬೇವಿನ ಹೂವು ಉದುರಿತು. ಕೊಯ್ದ ಕಡೆ ಎರಡು ಕೊಂಬೆಗಳ ನಡುವೆ ಕಪ್ಪಗೆ ಕೊಳೆತ ತೊಗಟೆಯ ಗೆರೆ ಕಂಡಿತು. ಬೇಲಿಯಾಚೆ ನಂದಿತಾ ಅದನ್ನು ನೋಡಿದಳು. ಹಸಿರು ಕೊಂಬೆ ಇಳಿಯುವಾಗ ಕಾಳಮ್ಮನ ಮುಖವನ್ನೂ ನೋಡಿದಳು. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಮನೆಗೆ ಹೋದಳು.

ಉಳಿದ ಮರ ನೋಡಲು ಚೆನ್ನಾಗಿರಲಿಲ್ಲ. ಮೊಂಡು ಬೊಡ್ಡೆ, ಕೆದರಿದ ಚಿಗುರು. "ಏನ್ ಕಾಳಕ್ಕ, ಮರನ ಮಾಲೇಕಲ್ ತಿರುಪ್ತಿಗೆ ಕರ್ಕಂಡೋಗಿ ಮುಡಿ ಕೊಡಿಸ್ದಂಗೈತಲ್ಲ" ಎಂದು ದಾರಿಹೋಕರು ಆಡಿಕೊಂಡರು. "ಕೂದ್ಲು ಬರ್ತದೆ ಬಿಡ್ರೋ, ನಿಮ್ ತಲೆಗೆ ಬರದಿದ್ರೂ" ಎಂದು ಅವಳೂ ಬಿಡಲಿಲ್ಲ. ಇಂದ್ರೇಶ್ ತಾನಾಗಿಯೇ ಒಂದು ಟ್ರ್ಯಾಕ್ಟರ್ ಕೊಟ್ಟಿಗೆ ಗೊಬ್ಬರ ಕಳಿಸಿದ; ಬುಡದ ಸುತ್ತ ಪಾತಿ ಮಾಡಿಸಿದ. ಮರದಡಿ ನೆರಳು ಸಾಲದೆ ಆ ಬೇಸಿಗೆಯೆಲ್ಲ ಮಕ್ಕಳು ಗುಡಿಯ ಜಗಲಿಯ ಮೇಲೆ ಕೂತವು. ಕಾಳಮ್ಮ ಅನ್ನದ ಪಾತ್ರೆ ತಲೆ ಮೇಲೆ ಹೊತ್ತು ದಿನವೂ ಹೋಗಿಬಂದಳು. ಕಳಿಸದವರ ಮನೆಗೂ ಡಬ್ಬಿಯಲ್ಲಿ ಒಯ್ದಳು. ಬರುವ ದಾರಿಯಲ್ಲಿ ಒಂದೇ ಚಿಗುರನ್ನು ಹಿಡಿದು ನೋಡುತ್ತಿದ್ದಳು. ಮುಂಗಾರು ಹನಿದ ಮೇಲೆ ಅದು ಅವಳ ಕೈಗೆಟುಕದಷ್ಟು ಎತ್ತರಕ್ಕೆ ಹೋಯಿತು.

ಶ್ರಾವಣದಲ್ಲಿ ಒಂದು ತೂಕದ ದಿನ, ಕಾಳಮ್ಮ ಮೊದಲ ಸಲ ಮತ್ತೆ ಮರದಡಿ ಚಾಪೆ ಹಾಸಿದಳು. ನೆರಳು ಮೊದಲಿನಷ್ಟಿಲ್ಲ, ಮಕ್ಕಳ ತಲೆ ಮುಚ್ಚುವಷ್ಟಿತ್ತು. ಹಳೆಯ ತಗ್ಗು ಕೊಂಬೆಗೆ, ಬಳೆಯ ಗುರುತಿನಲ್ಲೇ, ತಕ್ಕಡಿ ಕಟ್ಟಿದಳು. ಒಂದೊಂದು ಮನೆಯವರಾಗಿ ಬಂದರು. ನಂದಿತಾಳೂ ಮಗಳ ಕೈಹಿಡಿದು ಬಂದು, ಬೇಲಿಯ ಹತ್ತಿರ ನಿಂತಳು.

ಕಾಳಮ್ಮ ಕರೆಯಲಿಲ್ಲ.

ನಂದಿತಾ ಮಗಳನ್ನು ಅಲ್ಲೇ ನಿಲ್ಲಿಸಿ ಒಬ್ಬಳೇ ಒಳಬಂದಳು. ತಲೆಯೆತ್ತಿ ಮರವನ್ನು ಸುತ್ತ ನೋಡಿದಳು. ತಕ್ಕಡಿಯನ್ನು ಕಳಚಿ ಕಾಳಮ್ಮನ ಕೈಗೆ ಕೊಟ್ಟಳು. ಸೀರೆಯನ್ನು ಸೊಂಟಕ್ಕೆ ಬಿಗಿದು, ಎರಡೂ ಕೈಯಿಂದ ಕೊಂಬೆ ಹಿಡಿದು, ಕಾಲು ನೆಲದಿಂದೆತ್ತಿ ಪೂರ್ತಿ ಭಾರ ಬಿಟ್ಟು ಜೋತುಬಿದ್ದಳು. ಒಂದು ಸಲ, ಇನ್ನೊಂದು ಸಲ ಜಗ್ಗಿದಳು. ಮಕ್ಕಳು ಕಿರುಚಿ ನಕ್ಕವು.

"ಅಮ್ಮನ್ನೂ ತೂಗು ಕಾಳಜ್ಜಿ!" ಎಂದು ಅಕ್ಷತಾ ಬೇಲಿಯಿಂದ ಕೂಗಿದಳು.

ಕೊಂಬೆ ಬಾಗಿತು, ಎದ್ದಿತು. ಒಂದೆರಡು ಹಣ್ಣೆಲೆ ಬಿದ್ದವು, ಅಷ್ಟೇ. ನಂದಿತಾ ಇಳಿದು, ಅಂಗೈಗೆ ಹತ್ತಿದ ತೊಗಟೆ ಉಜ್ಜಿಕೊಂಡು, ಯಾರ ಮುಖವನ್ನೂ ನೋಡದೆ ಮಗಳ ಕಡೆ ಕೈ ಚಾಚಿದಳು.

"ಬಾರೇ, ಅಜ್ಜಿ ಕಾಯ್ತಾವ್ರೆ."

ಕಾಳಮ್ಮ ತಕ್ಕಡಿಯನ್ನು ಮತ್ತೆ ಕಟ್ಟಿದಳು. ಚೀಲ ಚಿಕ್ಕ ಮಕ್ಕಳಿಗೆಂದು ಅಕ್ಷತಾ ಈ ಸಲವೂ ರಂಪ ತೆಗೆದಳು. ಬೆಲ್ಲದ ಚೂರು ಬಾಯಿಗೆ ಹೋದ ಮೇಲೆ ಕಾಲು ಒದೆಯುವುದು ನಿಂತಿತು. ಮುಳ್ಳು ಅತ್ತಿತ್ತ ಆಡಿ, ಹೋದ ತಿಂಗಳಿಗಿಂತ ಒಂದು ಗೆರೆ ಆಚೆ ಹೋಗಿ ನಿಂತಿತು. ಶಿಲ್ಪಾ ಮಿಸ್ ಬರೆದುಕೊಂಡರು. ನಂದಿತಾ ಚಾಪೆಯ ಮೂಲೆಯಲ್ಲಿ ಕೂತು, ಚೀಲದಲ್ಲಿ ತಂದಿದ್ದ ಹೊಸ ತಟ್ಟೆಯನ್ನು ತೆಗೆದು ಮಗಳ ಜಾಗದಲ್ಲಿಟ್ಟಳು.